ದಾರಿಹೋಕಳು

ನಮ್ಮಕ್ಕನ ಕಾಲು ಮುರಿದದ್ದು ಸೈಟಿನ ಬೇಲಿ ಒಳಗೆ. ಅವಳನ್ನ ಎತ್ತಿ ಮಲಗಿಸಿದ್ದು ಬೇಲಿ ಹೊರಗೆ.

ಒಳಗೂ ಹೊರಗೂ ಮಧ್ಯ ಇದ್ದದ್ದು ಒಂದು ತಗಡು, ಅಷ್ಟೇ. ಆ ತಗಡು ದಾಟಿಸೋ ಮೊದಲು ಅವರು ಏನು ಮಾಡಿದ್ರು ಗೊತ್ತಾ? ಅವಳ ಮೈಮೇಲಿನ ಹಳದಿ ಜಾಕೆಟ್ ಬಿಚ್ಚಿದ್ರು. ಬೆನ್ನ ಮೇಲೆ ಕಂಪನಿ ಹೆಸರಿದ್ದ ಜಾಕೆಟ್ಟು. ಕಾಲು ಜಜ್ಜಿ ಹೋಗಿದೆ, ರಕ್ತ ಹರೀತಿದೆ, ಹೆಂಗಸು ನೀರು ನೀರು ಅಂತಿದ್ದಾಳೆ. ಇವರು ಅವಳ ಕೈ ಮೇಲೆತ್ತಿ ತೋಳಿಂದ ಜಾಕೆಟ್ ಎಳೀತಿದ್ದಾರೆ. ಎಳೆದು ಮಡಚಿಟ್ಟು, ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ತಂದು ಮಲಗಿಸಿ, ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದ್ರು.

ಪೊಲೀಸ್ರು ಬಂದ್ರು. ಗುತ್ತಿಗೆದಾರ ಒಂದೇ ಮಾತು ಹೇಳಿದ.

"ಯಾರೋ ದಾರಿಹೋಕಳು ಸಾರ್. ಯಾವ ಗಾಡಿ ಗುದ್ದಿತೋ ಏನೋ. ಪಾಪ, ನಾವೇ ಆಂಬುಲೆನ್ಸ್ ಕರೆಸಿದ್ವಿ."

ದಾರಿಹೋಕಳು. ಆ ದಾರಿ ಮಾಡಿದವಳೇ ಅವಳು. ಹಳೇ ರೈಲು ಹಳಿ ಕಿತ್ತ ಜಾಗ ಅದು. ಊರಿನ ನಡುವೆ ಉದ್ದಕ್ಕೆ ಮುಳ್ಳು, ಕಸ, ಗಾಜಿನ ಚೂರು ತುಂಬ್ಕೊಂಡು ಬಿದ್ದಿತ್ತು. ಅದನ್ನ ಚೊಕ್ಕ ಮಾಡಿ ಜನ ನಡೆಯೋಕೆ, ಸೈಕಲ್ ಹೊಡೆಯೋಕೆ ಅಂತ ಹೊಸ ಪಥ ಮಾಡ್ತಿದ್ರು. ಆ ಮುಳ್ಳು ಕಿತ್ತದ್ದು ಅಕ್ಕ. ಗಾಜು ಆರಿಸಿದ್ದು ಅಕ್ಕ. ಲಾರಿ ಒಳಗೆ ಹೋಗದ ಕಡೆ ಜಲ್ಲಿ ಹೊತ್ತು ಸುರಿದದ್ದು ಅಕ್ಕ ಮತ್ತು ಅವಳಂಥ ಹೆಂಗಸರು. ಆ ಜಲ್ಲಿ ಹರಡ್ತಾ ಇದ್ದಾಗ ರೋಲರ್ ಹಿಂದಕ್ಕೆ ಬಂದು ಅವಳ ಎಡಗಾಲಿನ ಮೇಲೆ ಹತ್ತಿತು. ರೋಲರ್ ಓಡಿಸ್ತಿದ್ದವನು ಡ್ರೈವರ್ ಅಲ್ಲ, ಗುತ್ತಿಗೆದಾರನ ಭಾಮೈದ. ಡ್ರೈವರ್ ಆವತ್ತು ರಜ. ಭಾಮೈದನಿಗೆ ರೋಲರ್ ಅಂದ್ರೆ ಆಟದ ಸಾಮಾನು.

ಡಾಕ್ಟರು ಅಕ್ಕನ ಕಾಲನ್ನ ಮೊಣಕಾಲಿನ ಕೆಳಗೆ ತೆಗೆದ್ರು.

ನಾನು ಆವತ್ತು ಅಲ್ಲಿರಲಿಲ್ಲ. ನಾನು ರಸ್ತೆ ಮೇಲೆ ಗೆರೆ ಎಳೆಯೋನು. ಬಿಳಿ ಪಟ್ಟೆ, ಹಳದಿ ಪಟ್ಟೆ, ಬಾಣದ ಗುರುತು, ಎಲ್ಲಾ ನಂದೇ ಕೆಲಸ. ಅದಕ್ಕೇ ನನಗೆ 'ಪಟ್ಟೆ' ಅಂತ್ಲೇ ಹೆಸರು. ಊರಿನ ಇನ್ನೊಂದು ಮೂಲೇಲಿ ಗೆರೆ ಎಳೀತಿದ್ದೆ. ಸುದ್ದಿ ಸಿಕ್ಕಿ ಆಸ್ಪತ್ರೆಗೆ ಓಡಿದಾಗ ಅಕ್ಕನಿಗೆ ಎಚ್ಚರ ಆಗಿತ್ತು. ಕಾಲಿನ ಮಾತೇ ಎತ್ತಲಿಲ್ಲ ಅವಳು.

"ನನ್ನ ಜಾಕೆಟ್ ಬಿಚ್ಚಿದ್ರು ಕಣೋ," ಅಂದ್ಲು. "ಇಷ್ಟು ದಿನ ಅವರ ಕಲ್ಲು ಹೊತ್ತೆ. ಸತ್ತ ಪ್ರಾಣಿ ಚರ್ಮ ಸುಲಿಯೋ ಹಾಗೆ ಬಿಚ್ಚಿದ್ರು."

ಮತ್ತೆ ಅಂದ್ಲು. "ನನಗೆ ಬೇರೆ ಏನೂ ಬೇಡ. ನಾನು ಅಲ್ಲಿ ದುಡಿದೆ ಅಂತ ಅವನ ಬಾಯಲ್ಲಿ ಹೇಳಿಸು. ಅವನದೇ ಬಾಯಲ್ಲಿ."

ಅಮ್ಮ ಸತ್ತಾಗ ನನಗೆ ಸರಿಯಾಗಿ ನಡೆಯೋಕೂ ಬರ್ತಿರಲಿಲ್ಲ. ನನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಕೂಲಿಗೆ ಹೋದವಳು ಇವಳು. ಒಂದು ದಿನಕ್ಕೂ ನನ್ನ ಹತ್ರ ಏನೂ ಕೇಳಿದವಳಲ್ಲ. ಮೊದಲನೇ ಸಲ ಕೇಳಿದ್ಲು.

*

ಆ ಗುತ್ತಿಗೆದಾರನಿಗೆ ಸೈಟಲ್ಲಿ ಎಲ್ಲರೂ ಇಟ್ಟಿದ್ದ ಹೆಸರು 'ಆಯ್ತಾಯ್ತು'. ಕುಡಿಯೋಕೆ ನೀರು ಬೇಕು ಅಂದ್ರೆ ಆಯ್ತಾಯ್ತು. ಹೆಂಗಸರಿಗೆ ಒಂದು ಮರೆ ಬೇಕು ಅಂದ್ರೆ ಆಯ್ತಾಯ್ತು. ಕಾಲಿಗೆ ಬೂಟು ಕೊಡಿ ಅಂದ್ರೆ ಆಯ್ತಾಯ್ತು. ಒಂದೂ ಆಗ್ತಿರಲಿಲ್ಲ. ತಪ್ಪದೆ ಆಗ್ತಿದ್ದದ್ದು ಅವನ ಕಾನೂನು ಮಾತ್ರ: ಹೊತ್ತ ಬಾಂಡ್ಲಿ ನಡುವೆ ಇಳಿಸಿದ್ರೆ ಆ ದಿನದ ಕೂಲಿ ಕಟ್. ಅವನು ಯಾರ ಮುಖಾನೂ ನೋಡಿ ಮಾತಾಡಿದವನಲ್ಲ. ಮಾತು ನಮ್ಮ ಜೊತೆ, ಕಣ್ಣು ಫೋನಿನ ಮೇಲೆ.

ಆದ್ರೆ ನಮ್ಮಕ್ಕನನ್ನ ಅವನು ನೋಡಿದ್ದ. ನೋಡದೆ ಇರೋಕೆ ಆಗ್ತಿರಲಿಲ್ಲ. ಬೇರೆ ಹೆಂಗಸರು ಬಾಂಡ್ಲಿ ಹೊತ್ತಾಗ ಒಂದು ಕೈ ಮೇಲಿರುತ್ತೆ, ಬೀಳದ ಹಾಗೆ. ಅಕ್ಕ ಹಿಡೀತಿರಲಿಲ್ಲ. ತುಂಬಿದ ಬಾಂಡ್ಲಿ ತಲೆ ಮೇಲೆ, ಎರಡೂ ಕೈ ಸೊಂಟದ ಮೇಲೆ. ಮೊಣಕೈ ಎರಡೂ ಕಡೆ ಚಾಚಿ, ಕತ್ತು ನೆಟ್ಟಗೆ ಮಾಡ್ಕೊಂಡು ನಡೀತಿದ್ಲು. ಆಯ್ತಾಯ್ತು ಅದನ್ನ ನೋಡಿ ನಗ್ತಿದ್ದ. "ಬಂತಪ್ಪಾ ಜಂಬದ ಕೋಳಿ. ದಾರಿ ಬಿಡ್ರೋ," ಅಂತಿದ್ದ. ಅದೇ ಹೆಸರು ಸೈಟಲ್ಲಿ ನಿಂತುಹೋಯ್ತು. ಅವಳ ನಿಜವಾದ ಹೆಸರು ಅವನಿಗೆ ಬೇಕಾಗಿಯೂ ಇರಲಿಲ್ಲ.

ನಾನು ಕಾರ್ಮಿಕ ಇಲಾಖೆಗೆ ಹೋದೆ. ಅಲ್ಲೊಬ್ಬ ಮೇಡಂ ಇದ್ರು. ಕೆಟ್ಟವರಲ್ಲ. ಎಲ್ಲಾ ಕೇಳಿ ಕನ್ನಡಕ ತೆಗೆದಿಟ್ರು.

"ನೋಡಪ್ಪಾ, ನೀನು ಹೇಳೋದು ನನಗೆ ಅರ್ಥ ಆಗುತ್ತೆ. ಆದ್ರೆ ಅವನು ದಾರಿಹೋಕಳು ಅಂತಾನೆ. ಇವಳು ನಮ್ಮ ಆಳು ಅಂತ ಅವನ ಬಾಯಿಂದ ಒಂದು ಮಾತು ಬರಲಿ. ಇಲ್ಲಾ, ಜೊತೇಲಿ ದುಡಿದವರು ಯಾರಾದ್ರೂ ಬಂದು ಹೇಳಲಿ. ಮುಂದಿನದು ನನಗೆ ಬಿಡು."

ಸೈಟಿನ ಮೇಸ್ತ್ರಿ ಮನೆಗೆ ಹೋದೆ. ವಯಸ್ಸಾದವನು, ಅಕ್ಕನ ಪಕ್ಕದಲ್ಲೇ ಇದ್ದವನು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ.

"ಕಣ್ಣಾರೆ ನೋಡಿದೀನಿ ಕಣಪ್ಪಾ. ಬಾಯಾರೆ ಹೇಳೋಕೆ ಆಗಲ್ಲ. ಇದೇ ದಾರಿ ಮುಂದಿನ ಹಂತದ ಕೆಲಸಾನೂ ಅವನಿಗೇ ಸಿಗುತ್ತಂತೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ನಿನ್ನ ಹೊಟ್ಟೆ ನಿನಗೆ, ಅವಳ ಕಾಲು ಅವಳಿಗೆ," ಅಂದೆ. ಅವನ ಮುಖ ಬಾಡಿತು. ನನಗೆ ಅಯ್ಯೋ ಅನ್ನಿಸಲಿಲ್ಲ.

ಬೇರೆಯವರೂ ಅದೇ ಅಂದ್ರು. ಒಬ್ಬಳು ಅತ್ತಳು, ಒಬ್ಬಳು ಬಾಗಿಲು ಹಾಕ್ಕೊಂಡ್ಲು.

ಅಷ್ಟೊತ್ತಿಗೆ ನಮ್ಮ ಬಣ್ಣದ ಕೆಲಸದ ಮಾಲೀಕ ಬಂದು, "ಪಟ್ಟೆ, ಸೈಕಲ್ ಪಥದ ಗೆರೆ ಕೆಲಸ ನಮಗೆ ಸಿಕ್ತು. ಉದ್ಘಾಟನೆಗೆ ಮುಂಚೆ ಮುಗೀಬೇಕು," ಅಂದ. ನಾನು ಒಂದೇ ಉಸಿರಿಗೆ ಒಪ್ಪಿಕೊಂಡೆ. ಅವನಿಗೆ ಆಶ್ಚರ್ಯ. ಯಾವತ್ತೂ ಗೊಣಗದೆ ಒಪ್ಪಿದವನಲ್ಲ ನಾನು.

*

ನಮ್ಮ ಬಣ್ಣ ಬ್ರಷ್ಷಲ್ಲಿ ಹಚ್ಚೋದಲ್ಲ. ಪುಡಿ ಇರುತ್ತೆ. ಅದನ್ನ ಗಾಡಿ ಮೇಲಿನ ಡ್ರಮ್ಮಿಗೆ ಸುರಿದು, ಕೆಳಗೆ ಗ್ಯಾಸ್ ಉರಿ ಹಚ್ಚಿ, ಪಾಯಸದ ಹಾಗೆ ತಿರುಗಿಸ್ತಾ ಕುದಿಸಬೇಕು. ಕುದ್ದದ್ದನ್ನ ಅಚ್ಚಿನೊಳಗೆ ಹುಯ್ದರೆ ನೋಡ್ತಾ ಇದ್ದ ಹಾಗೇ ಗಟ್ಟಿ. ಒಂದು ಹನಿ ಮೈಮೇಲೆ ಬಿದ್ರೆ ಚರ್ಮ ತಗೊಂಡೇ ಏಳುತ್ತೆ. ನನ್ನ ಕೈ ನೋಡಿದವರು ಚಿರತೆ ಅಂತಾರೆ. ನೆಲಕ್ಕೆ ಅಂಟಿದ ಮೇಲೆ ತೊಳೆದ್ರೆ ಹೋಗಲ್ಲ, ಉಜ್ಜಿದ್ರೆ ಹೋಗಲ್ಲ. ಕಿತ್ತು ತೆಗೀಬೇಕಂದ್ರೆ ಕೆಳಗಿನ ಕಾಂಕ್ರೀಟೂ ಜೊತೆಗೆ ಕಿತ್ತು ಬರುತ್ತೆ.

ಮೊದಲನೇ ದಿನ ಆಯ್ತಾಯ್ತು ಬಂದ. ನನ್ನ ಡ್ರಮ್ಮಿನ ಪಕ್ಕದಲ್ಲೇ ನಿಂತ. ಚಪ್ಪಲಿ ಹಾಕಿದ್ದ. ಬಿಳೀ ಪಾದ, ನೀಟಾಗಿ ಕತ್ತರಿಸಿದ ಉಗುರು. ನನ್ನ ಕೈಯಲ್ಲಿ ಉದ್ದ ಹಿಡಿಯ ಸೌಟು, ಸೌಟಿನ ತುಂಬ ಕುದಿಯೋ ಬಣ್ಣ. ಅವನು ಫೋನಲ್ಲಿ ಯಾರಿಗೋ, "ಆಯ್ತಾಯ್ತು, ಮೇಯರ್ ಸಾಹೇಬ್ರು ಬರ್ತಾರೆ, ಸ್ಟೇಜು ದೊಡ್ಡದೇ ಇರಲಿ," ಅಂತಿದ್ದ. ಸೌಟು ಸ್ವಲ್ಪ ವಾಲಿಸಿದ್ರೆ ಸಾಕಿತ್ತು. ಎರಡೂ ಪಾದ ನೆಲಕ್ಕೆ ಅಂಟಿ ಹೋಗ್ತಿದ್ದವು. ಸೌಟನ್ನ ವಾಪಸ್ ಡ್ರಮ್ಮಿಗೆ ಇಳಿಸಿದೆ. ಆಸೆ ಮಾತ್ರ ಇಳೀಲಿಲ್ಲ.

ಆ ದಿನ ಸಂಜೆ ಅಕ್ಕನಿಗೆ ಹೇಳಿದೆ. ಆಸ್ಪತ್ರೆಯಿಂದ ನಮ್ಮ ರೂಮಿಗೇ ಕರ್ಕೊಂಡು ಬಂದಿದ್ವಿ. ಮೂರನೇ ಮಹಡಿ, ಒಂದೇ ರೂಮು. ಲಿಫ್ಟ್ ಇಲ್ಲ. ಹತ್ತಿಸಿದ ದಿನದಿಂದ ಅವಳು ಕೆಳಗೆ ಇಳಿದಿರಲಿಲ್ಲ. ಕಿಟಕಿ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸ್ತಿದ್ಲು.

"ಸುಡ್ತೀಯಾ, ಸುಡು," ಅಂದ್ಲು. "ನಿನ್ನ ಒಳಗೆ ಹಾಕ್ತಾರೆ. ಅವನು ಆಸ್ಪತ್ರೆ ಮಂಚದ ಮೇಲೆ ಎಳನೀರು ಕುಡೀತಾನೆ. ನನ್ನ ಕೆಲಸ ಆಗುತ್ತಾ? ನಾನು ಕೇಳಿದ್ದು ಅವನ ಬಾಯಿ. ಕಾಲಲ್ಲ."

ನನ್ನ ಹೆಂಡತಿ ಟೈಲರ್. ಮಿಷನ್ ತುಳೀತಾ ಇದ್ದವಳು ನಿಲ್ಲಿಸಿದ್ಲು. "ಆ ದಾರಿ ಮೇಲೆ ಏನು ಬಿಡಿಸ್ತೀಯ ನೀನು?"

"ಗೆರೆ. ಒಂದು ಕಡೆ ಸೈಕಲ್ಲು. ಇನ್ನೊಂದು ಕಡೆ ನಡೆಯೋ ಮನುಷ್ಯ."

"ಯಾವ ಮನುಷ್ಯ?"

ನಾನು ಅಚ್ಚು ತೋರಿಸಿದೆ. ಪಾಲಿಕೆ ಆಫೀಸಿನವರು ಕೊಟ್ಟಿದ್ದ ತಗಡಿನ ಅಚ್ಚು. ಕಡ್ಡಿ ಕೈ, ಕಡ್ಡಿ ಕಾಲು. ತಲೆ ಬೇರೆ, ಮುಂಡ ಬೇರೆ. ನಡುವೆ ಕತ್ತೇ ಇಲ್ಲ. ಹೆಂಡತಿ ಅದನ್ನ ತಿರುಗಿಸಿ ನೋಡಿ ನಕ್ಕಳು.

"ಇವನ್ಯಾರು? ಪಾಪ, ಇವನ ಮೇಲೂ ರೋಲರ್ ಹತ್ತಿದೆಯಾ?"

ಅಕ್ಕನೂ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ನಗು ನಿಂತ ಮೇಲೆ ಹೆಂಡತಿ ಅಕ್ಕನನ್ನೇ ನೋಡ್ತಾ ಕೂತ್ಲು. ಅವಳ ಕಣ್ಣು ಅಳತೆ ತಗೊಳ್ಳೋ ಟೈಲರ್ ಕಣ್ಣು. ನನಗೆ ಆಗಲೇ ಅರ್ಥ ಆಯ್ತು.

"ಅತ್ತಿಗೆ," ಅಂದ್ಲು, "ನಿಮ್ಮನ್ನ ದಾರಿಹೋಕಳು ಅಂದ್ರಲ್ಲ. ಸರಿ, ಹಾಗೇ ಆಗಲಿ. ದಾರಿ ಮೇಲೆ ನಡೆಯೋರ ಚಿತ್ರ ತಾನೇ ಬೇಕು ಅವರಿಗೆ? ಆ ದಾರೀಲಿ ನಿಮ್ಮನ್ನ ಬಿಟ್ಟು ಬೇರೆ ಯಾರೂ ಇರಬಾರದು."

ಅಕ್ಕ ಬೆಳ್ಳುಳ್ಳಿ ಕೆಳಗಿಟ್ಲು. "ಜನ ನನ್ನ ತುಳ್ಕೊಂಡು ಹೋಗ್ತಾರಲ್ಲೇ."

ಅದು ನಮಗೆ ಹೊಳೆದಿರಲಿಲ್ಲ.

ಅವಳೇ ಯೋಚನೆ ಮಾಡಿದ್ಲು. "ತುಳೀಲಿ ಬಿಡು. ಈಗಲೂ ತುಳೀತಾನೇ ಇದ್ದಾರೆ. ಈ ಸಲ ನೋಡ್ಕೊಂಡು ತುಳೀಲಿ."

ಹಳೇ ಪೇಪರ್ ಅಂಟಿಸಿ ಗೋಡೆ ತುಂಬ ಹಾಳೆ ಮಾಡಿದ್ವಿ. ಅಕ್ಕ ಎದ್ದು ನಿಲ್ತೀನಿ ಅಂದ್ಲು. ಬೇಡ ಅಂದ್ರೂ ಕೇಳಲಿಲ್ಲ. ಒಂದೇ ಕಾಲಲ್ಲಿ ಗೋಡೆಗೆ ಒರಗಿ ನಿಂತ್ಲು. ನಾನು ಪಾತ್ರೆ ತೊಳೆಯೋ ಬೇಸಿನ್ ಅವಳ ತಲೆ ಮೇಲಿಟ್ಟೆ. ಖಾಲಿ ಬೇಸಿನ್ನು. ಎರಡೂ ಕೈ ಸೊಂಟಕ್ಕೆ ಹೋದವು. ಕತ್ತು ನೆಟ್ಟಗಾಯ್ತು. ಹೆಂಡತಿ ಬಟ್ಟೆ ಮೇಲೆ ಗುರುತು ಹಾಕೋ ಸೀಮೆಸುಣ್ಣ ತಗೊಂಡು ಅವಳ ಸುತ್ತ ಗೆರೆ ಎಳೆದ್ಲು. ಭುಜ, ಮೊಣಕೈ, ಸೊಂಟ. ಬಲಗಾಲು ಮುಗಿಸಿ ಎಡಗಾಲಿನ ಹತ್ರ ಬಂದು ಕೈ ತಡೆದ್ಲು. ಅಲ್ಲಿ ಗೆರೆ ಎಳೆಯೋಕೆ ಏನೂ ಇರಲಿಲ್ಲ.

"ಎಳಿ," ಅಂದ್ಲು ಅಕ್ಕ. ಅವಳ ತೊಡೆ ಗಡಗಡ ನಡುಗ್ತಿತ್ತು. ಹಣೆ ಮೇಲೆ ಬೆವರು. "ಎರಡೂ ಕಾಲು ಬಿಡಿಸು. ನಾನು ಅಲ್ಲಿಗೆ ಎರಡು ಕಾಲಲ್ಲೇ ಹೋಗಿದ್ದೆ."

ಹೆಂಡತಿ ತನ್ನ ಕಾಲನ್ನ ಆ ಜಾಗದಲ್ಲಿಟ್ಟು ಅದರ ಸುತ್ತ ಎಳೆದ್ಲು.

*

ಉದ್ಘಾಟನೆಯ ಹಿಂದಿನ ದಿನ ಎಲ್ಲರ ಕಣ್ಣೂ ಸ್ಟೇಜಿನ ಮೇಲೆ. ಕುರ್ಚಿ, ಬಟ್ಟೆ, ಹೂವು, ಮೈಕು. ನಾನು ಹಾಡಹಗಲಲ್ಲೇ ಕೆಲಸ ಮಾಡಿದೆ. ಜಾಕೆಟ್ ಹಾಕ್ಕೊಂಡು ನೆಲಕ್ಕೆ ಬಗ್ಗಿದವನನ್ನ ಯಾವ ದೊಡ್ಡ ಮನುಷ್ಯನೂ ಏನು ಮಾಡ್ತಿದ್ದೀಯ ಅಂತ ಕೇಳಲ್ಲ. ಆ ಹಾಳೆ ನೋಡಿ ತಗಡಲ್ಲಿ ಕತ್ತರಿಸಿದ ಹೊಸ ಅಚ್ಚು ಇಡೋದು, ಬಣ್ಣ ಹುಯ್ಯೋದು, ಹೊಳೆಯೋ ಗಾಜಿನ ಪುಡಿ ಉದುರಿಸೋದು, ಅಚ್ಚು ಎತ್ತೋದು. ಎತ್ತಿದ ಕಡೆ ಅಕ್ಕ. ಆಳೆತ್ತರ. ಬೆಳ್ಳಗೆ. ತಲೆ ಮೇಲೆ ಬಾಂಡ್ಲಿ, ಸೊಂಟದ ಮೇಲೆ ಕೈ.

ನನ್ನ ಜೊತೆ ಡ್ರಮ್ ತಿರುಗಿಸೋನು ಮೊದಲನೇದನ್ನ ನೋಡಿ ನಿಂತ. ಅವನಿಗೆ ಅಕ್ಕ ಗೊತ್ತು. ಅವಳ ಕೈಯೂಟ ಉಂಡವನು. ಡ್ರಮ್ಮಿನ ಕಡೆ ತಿರುಗಿ, "ಹೊಗೆ ಜಾಸ್ತಿ ಕಣಪ್ಪಾ. ನನಗೇನೂ ಕಾಣ್ತಿಲ್ಲ," ಅಂದ. ಆಮೇಲೆ ಉರಿ ಇನ್ನೂ ಜೋರು ಮಾಡಿದ.

ಇಂಜಿನಿಯರ್ ಒಬ್ಬ ಫೋನಲ್ಲಿ ಮಾತಾಡ್ತಾ ಅಕ್ಕನ ಮೇಲೇ ನಡ್ಕೊಂಡು ಹೋದ. ನಾನು ಹಲ್ಲು ಕಚ್ಚಿದೆ. ಅವಳ ರಕ್ತ ಬಿದ್ದ ಜಾಗಕ್ಕೆ ಬಂದಾಗ ನೆಲ ನೋಡಿದೆ. ಮೇಲೆ ಕಾಂಕ್ರೀಟ್ ಹಾಕಿದ್ರು, ಏನೂ ಕಾಣ್ತಿರಲಿಲ್ಲ. ಅಲ್ಲಿ ಬಣ್ಣ ದಪ್ಪಗೆ ಹುಯ್ದೆ.

ನನ್ನ ಲೆಕ್ಕಾಚಾರ ಇಷ್ಟೇ. ಬೆಳಿಗ್ಗೆ ಎಲ್ಲರೆದುರು ಅವನು ಇದನ್ನ ನೋಡ್ತಾನೆ. ಹುಚ್ಚು ಹಿಡಿದ ಹಾಗೆ ಕಿರುಚ್ತಾನೆ. ಇವಳ್ಯಾರು, ಯಾಕೆ ಕಿರುಚ್ತೀಯ ಅಂತ ಜನ ಕೇಳ್ತಾರೆ. ಅವನ ಹಬ್ಬ ಹಾಳಾಗುತ್ತೆ. ಅಷ್ಟಾದ್ರೂ ಆಗಲಿ ಅಂತ.

ಬೆಳಿಗ್ಗೆ ಅಕ್ಕನನ್ನ ನಾನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿಸಿದೆ. ಸಾಮಾನು ಸಾಗಿಸೋ ಮೂರು ಚಕ್ರದ ಸೈಕಲ್ ಗಾಡೀಲಿ ದಿಂಬು ಹಾಕಿ ಕೂರಿಸಿ, ಕೈಗೆ ಊರುಗೋಲು ಕೊಟ್ವಿ. ಗೇಟಲ್ಲಿ ಕಾವಲುಗಾರ ತಡೆದ.

"ಗಾಡಿಗೆಲ್ಲ ಪ್ರವೇಶ ಇಲ್ಲ. ಒಳಗೆ ನಡೆಯೋರು, ಸೈಕಲ್‌ನೋರು ಮಾತ್ರ."

"ಇದು ಸೈಕಲ್ಲೇ ಅಣ್ಣ," ಅಂದ್ಲು ನನ್ನ ಹೆಂಡತಿ. "ಒಂದು ಚಕ್ರ ಜಾಸ್ತಿ ಇದೆ. ಒಂದು ಕಾಲು ಕಮ್ಮಿ ಇದೆ. ಲೆಕ್ಕ ಸರಿ ಹೋಯ್ತು."

ಅವನು ಅಕ್ಕನ ಕಡೆ ನೋಡಿ ಪಕ್ಕಕ್ಕೆ ಸರಿದ.

ಮೇಯರ್ ರಿಬ್ಬನ್ ಕತ್ತರಿಸಿದ್ರು, ಭಾಷಣ ಮಾಡಿದ್ರು. ಸ್ಟೇಜಿಂದ ಇಳಿದು ಪಥದ ಮೇಲೆ ಹೊರಟರು. ಹಿಂದೆ ಆಯ್ತಾಯ್ತು, ಅವನ ಹಿಂದೆ ಭಾಮೈದ, ಕ್ಯಾಮೆರಾದವರು, ಜನ. ಕೆಲಸದವರನ್ನೂ ಒಗೆದ ಬಟ್ಟೆ ಹಾಕಿಸಿ ಒಂದು ಬದಿಗೆ ನಿಲ್ಲಿಸಿದ್ರು, ಫೋಟೋಕ್ಕೆ ಅಂತ. ಮೇಯರ್ ಮೊದಲನೇ ಚಿತ್ರದ ಮುಂದೆ ನಿಂತುಬಿಟ್ರು.

ಆಯ್ತಾಯ್ತು ಕೆಳಗೆ ನೋಡಿದ. ಅವನ ಬಣ್ಣ ಇಳಿದು ಹೋದದ್ದನ್ನ ನಾನು ಕಣ್ಣಲ್ಲಿ ಕಂಡೆ. ಗುರುತು ಹಿಡಿದಿದ್ದ. ನಾನು ಕಾಯ್ತಿದ್ದೆ. ಕಿರುಚು, ಕಿರುಚು ಅಂತಿದ್ದೆ ಮನಸ್ಸಲ್ಲಿ.

"ಯಾರ ಐಡಿಯಾ ರೀ ಇದು?" ಅಂದ್ರು ಮೇಯರ್. "ಎಲ್ಲಾ ಕಡೆ ಅದೇ ಕಡ್ಡಿ ಮನುಷ್ಯ ಇರ್ತಾನೆ. ಇಲ್ಲಿ ದುಡಿಯೋ ಹೆಣ್ಣುಮಗಳನ್ನ ಬಿಡಿಸಿದ್ದೀರಿ. ಬಹಳ ಚೆನ್ನಾಗಿದೆ. ಯಾರದು?"

ಇಂಜಿನಿಯರ್ ಆಯ್ತಾಯ್ತು ಮುಖ ನೋಡಿದ. ಆಯ್ತಾಯ್ತು ಮೇಯರ್ ಮುಖ ನೋಡಿದ. ಅದರಲ್ಲಿ ನಗು ಇತ್ತು, ಮುಂದಿನ ಹಂತದ ಕೆಲಸ ಇತ್ತು.

"ನಂದೇ ಸಾರ್," ಅಂದ.

ಇದನ್ನೂ ಕದ್ದನಲ್ಲ ಕಳ್ಳ ನನ್ನ ಮಗ ಅಂತ ಮುಂದೆ ನುಗ್ಗೋಕೆ ಹೋದೆ. ಹೆಂಡತಿ ನನ್ನ ತೋಳು ಚಿವುಟಿ ಹಿಡಿದ್ಲು.

"ಸುಮ್ಮನಿರು. ಬಾಯಿ ಬಿಟ್ಟರೆ ಬಣ್ಣಗೇಡು. ಅವನು ಬಿಡ್ತಿದ್ದಾನೆ, ಬಿಡಲಿ."

ಮೇಯರ್ ಮೈಕ್ ಹಿಡಿದವನನ್ನ ಕರೆದು ಮೈಕನ್ನ ಆಯ್ತಾಯ್ತು ಕೈಗೆ ಕೊಡಿಸಿದ್ರು. "ಎಲ್ಲರಿಗೂ ಹೇಳಿ. ಕೈ ಹಿಡಿಯದೆ ಹೀಗೆ ಹೊರೋರು ನಿಜವಾಗಲೂ ಇದ್ದಾರಾ, ಸುಮ್ಮನೆ ಕಲ್ಪನೆಯಾ?"

"ಇದ್ಲು ಸಾರ್ ಒಬ್ಬಳು. ನಮ್ಮ ಸೈಟಿನ ಹೆಣ್ಣಾಳು." ಅವನ ದನಿ ಪಥದ ಉದ್ದಕ್ಕೂ ಕೇಳಿಸ್ತು. "ಬಾಂಡ್ಲಿ ತುಂಬ ಜಲ್ಲಿ ಇದ್ರೂ ಕೈ ಹಿಡೀತಿರಲಿಲ್ಲ. ನಾನೇ ಅವಳಿಗೆ ಜಂಬದ ಕೋಳಿ ಅಂತ ಹೆಸರಿಟ್ಟಿದ್ದೆ. ಈ ದಾರಿಯ ಜಲ್ಲಿ ಎಲ್ಲಾ ಅವಳೇ ಹೊತ್ತದ್ದು ಅಂದ್ರೂ ತಪ್ಪಿಲ್ಲ. ಮನೆ ಮಗಳ ಹಾಗೆ ನೋಡ್ಕೊಂಡಿದ್ವಿ ಸಾರ್."

ಜನ ಚಪ್ಪಾಳೆ ತಟ್ಟಿದ್ರು. ಎಷ್ಟೋ ಫೋನುಗಳು ಮೇಲೆದ್ದಿದ್ದವು. ನನ್ನ ಹೆಂಡತಿ ಫೋನೂ ಮೇಲಿತ್ತು.

"ಆಕೆ ಹೆಸರೇನು?" ಮೇಯರ್ ಕೇಳಿದ್ರು.

ಅವನಿಗೆ ಗೊತ್ತಿರಲಿಲ್ಲ. "ಸುಮಾರು ಜನ ಇರ್ತಾರಲ್ಲ ಸಾರ್..."

"ಎಲ್ಲಿದ್ದಾರೆ? ಕರೀರಿ, ಸನ್ಮಾನ ಮಾಡೋಣ."

"ಊರಿಗೆ ಹೋದ್ಲು ಸಾರ್."

"ಹೋಗಿಲ್ಲ," ಅಂದ್ಲು ಅಕ್ಕ.

ಕಾಂಕ್ರೀಟ್ ಮಿಷನ್ ಸದ್ದನ್ನೂ ದಾಟಿ ಕೇಳಿಸೋ ದನಿ ಅವಳದು. ಮೈಕ್ ಬೇಕಾಗಲಿಲ್ಲ. ಜನ ಸರಿದು ಜಾಗ ಬಿಟ್ರು. ನಾನು ಗಾಡಿ ಮುಂದಕ್ಕೆ ತಳ್ಳಿದೆ. ಮೇಯರ್ ಹತ್ರ ಬಂದಾಗ ಅವಳು ಕಾಲ ಮೇಲಿನ ಹೊದಿಕೆ ತೆಗೆದ್ಲು. ಮೊಂಡುಗಾಲಿನ ಬಟ್ಟೆಯನ್ನೂ ಬಿಚ್ಚಿದ್ಲು. ಹೊಲಿಗೆ ಇನ್ನೂ ಕೆಂಪಗಿತ್ತು. ಎರಡೂ ಊರುಗೋಲು ಊರಿ ಗಾಡಿಯಿಂದ ಇಳಿದು ನಿಂತ್ಲು.

"ಅವತ್ತು ಪೊಲೀಸ್ರ ಹತ್ರ ನಾನು ದಾರಿಹೋಕಳಾಗಿದ್ದೆ," ಅಂದ್ಲು. "ಇವತ್ತು ನಿನ್ನ ಸೈಟಿನ ಆಳಾದೆ, ಮನೆ ಮಗಳೂ ಆದೆ. ಯಾವುದು ನಿಜ? ಅದೇ ಮೈಕಲ್ಲಿ ಹೇಳು." ಅವನನ್ನ ಅವಳು ನೀನು ಅಂದದ್ದು ಅದೇ ಮೊದಲು.

ಅವನ ಕೈಯಲ್ಲಿದ್ದ ಮೈಕು ಕುಂಯ್ ಅಂತ ಕೂಗ್ತಿತ್ತು.

ಆಗ ಕೆಲಸದವರ ಸಾಲಿಂದ ಮೇಸ್ತ್ರಿ ಮುಂದೆ ಬಂದ. ತಲೆ ತಗ್ಗಿಸ್ಕೊಂಡೇ ಬಂದ, ತಗ್ಗಿಸ್ಕೊಂಡೇ ಮಾತಾಡಿದ. "ಅವಳು ನಮ್ಮವಳೇ ಸ್ವಾಮಿ. ರೋಲರ್ ಹತ್ತಿದ್ದು ಅಗೋ ಅಲ್ಲಿ. ಓಡಿಸಿದವನು ಇವನು." ಭಾಮೈದನ ಕಡೆ ಬೆರಳು ಮಾಡಿದ. "ಜಾಕೆಟ್ ಬಿಚ್ಚಿಸಿದವನು ಈ ಗುತ್ತಿಗೆದಾರ. ಬಿಚ್ಚಿದ್ದು ನಾನು. ನನ್ನ ಕೈಯಿಂದಲೇ ಬಿಚ್ಚಿಸಿದ." ಅವನ ಹಿಂದೆ ಇನ್ನೊಬ್ಬಳು ಬಂದ್ಲು, ಬಾಗಿಲು ಹಾಕ್ಕೊಂಡವಳು. ಹೌದು ಅಂದ್ಲು. ಆಮೇಲೆ ಯಾರು ಯಾರೋ ಹೌದು ಅಂದ್ರು. ಭಾಮೈದ ಜನರ ಮಧ್ಯೆ ಜಾಗ ಹುಡುಕ್ತಿದ್ದ. ಜಾಗ ಸಿಗಲಿಲ್ಲ.

ಮೇಯರ್ ಏನು ಮಾಡಬೇಕೋ ತಿಳೀದೆ, ತಮ್ಮ ಕೈಲಿದ್ದ ಹೂಗುಚ್ಛ ಅಕ್ಕನ ಮುಂದೆ ಚಾಚಿದ್ರು.

"ಬೇಡ ಸ್ವಾಮಿ," ಅಂದ್ಲು. "ಹಿಡ್ಕೊಳ್ಳೋಕೆ ಕೈ ಖಾಲಿ ಇಲ್ಲ." ಎರಡು ಕೈಲೂ ಊರುಗೋಲಿತ್ತು.

*

ಕನ್ನಡಕದ ಮೇಡಂ ಆ ವಿಡಿಯೋ ಪೂರ್ತಿ ನೋಡಿದ್ರು. 'ನಮ್ಮ ಸೈಟಿನ ಹೆಣ್ಣಾಳು' ಅನ್ನೋ ಕಡೆ ನಿಲ್ಲಿಸಿ ಮತ್ತೆ ಹಾಕಿಸಿ ಕೇಳಿದ್ರು. "ಸಾಕು," ಅಂದ್ರು. ಆಯ್ತಾಯ್ತುಗೆ ಬುಲಾವ್ ಹೋಯ್ತು. ಪೊಲೀಸ್ರು ಭಾಮೈದನನ್ನ ಹುಡುಕ್ಕೊಂಡು ಹೋದ್ರು. ಮುಂದಿನ ಹಂತದ ಕೆಲಸ ತಡೆದ್ರು ಅಂತ ಸುದ್ದಿ ಬಂತು. ನನ್ನ ಕೆಲಸಾನೂ ಹೋಯ್ತು, ಬಣ್ಣದ ಮಾಲೀಕ ಬಾಗಿಲಿಗೆ ಬಂದು ಬೈದು ಹೋದ. ಹೋಗಲಿ. ಚಿತ್ರಗಳನ್ನ ಕಿತ್ತು ತೆಗೀರಿ ಅಂತ ಆಫೀಸಿನವರು ಹೇಳಿದ್ರಂತೆ. ಕೀಳೋಕೆ ಕರೆದ ಆಳುಗಳು ಬರಲ್ಲ ಅಂದ್ರಂತೆ.

ವಿಚಾರಣೆ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯ್ತು. ತೆಗೆದ್ರೆ ಆಯ್ತಾಯ್ತು. ಮೂರು ಮಹಡಿ ಹತ್ತಿ ಏದುಸಿರು ಬಿಡ್ತಿದ್ದ. ಹಿಂದೆ ಅವನ ಕಾರಿನ ಡ್ರೈವರ್ ಹಣ್ಣಿನ ಬುಟ್ಟಿ ಹಿಡ್ಕೊಂಡಿದ್ದ. ಈ ಸಲ ಫೋನ್ ಜೇಬಲ್ಲಿತ್ತು. ಕಣ್ಣು ಅಕ್ಕನ ಮುಖದ ಮೇಲಿತ್ತು.

"ಅಮ್ಮಾ, ತಪ್ಪಾಯ್ತು," ಅಂದ. "ನಮ್ಮ ನಮ್ಮಲ್ಲೇ ಮುಗಿಸ್ಕೊಳ್ಳೋಣ. ಏನು ಬೇಕೋ ಕೇಳಿ, ಕೊಡ್ತೀನಿ. ಅಲ್ಲಿಗೆ ಬಂದು ರಾಜಿ ಆಯ್ತು ಅಂತ ಒಂದು ಮಾತು ಹೇಳಿ. ನನ್ನ ಹೆಂಡತಿ ಊಟ ಬಿಟ್ಟಿದ್ದಾಳೆ. ಒಬ್ಬನೇ ತಮ್ಮ ಅವಳಿಗೆ."

"ನನಗೂ ಒಬ್ಬನೇ ತಮ್ಮ," ಅಂದ್ಲು ಅಕ್ಕ.

ಅಕ್ಕ ಕೂದಲು ಕಟ್ಟಿಕೊಂಡ್ಲು, ಒಗೆದ ಬಟ್ಟೆಯ ಮಡಿಕೆ ಸರಿ ಮಾಡ್ಕೊಂಡ್ಲು. ನಿಧಾನ ಮಾಡಿದ್ಲು. ಬೇಕಂತಲೇ.

"ಅಲ್ಲಿಗೆ ಬರ್ತೀನಿ," ಅಂದ್ಲು. "ಮೆಟ್ಟಿಲು ಇಳಿಯೋಕೆ ಆಗಲ್ಲ. ಎತ್ಕೋ."

ನಾನು ಮುಂದೆ ಬಂದೆ. ಕೈಯಲ್ಲೇ ತಡೆದ್ಲು. ಡ್ರೈವರ್ ಬುಟ್ಟಿ ಕೆಳಗಿಟ್ಟು ಬಂದ.

"ಅವನಲ್ಲ. ನೀನು."

ಆಯ್ತಾಯ್ತು ನನ್ನ ನೋಡಿದ, ನನ್ನ ಹೆಂಡತಿಯನ್ನ ನೋಡಿದ. ನಾವು ಗೋಡೆ ಹಾಗೆ ನಿಂತಿದ್ವಿ. ಕೊನೆಗೆ ಬಗ್ಗಿದ. ಅಕ್ಕ ಅವನ ಬೆನ್ನು ಹತ್ತಿದ್ಲು. ಅಕ್ಕ ಹಗುರದವಳಲ್ಲ. ಕಲ್ಲು ಹೊತ್ತ ಮೈ. ಅವನ ಮೊಣಕಾಲು ಒಮ್ಮೆ ಮಡಚಿ ಮತ್ತೆ ನೆಟ್ಟಗಾಯ್ತು.

ಮೆಟ್ಟಿಲ ಮೇಲೆ ಜನ ಸೇರಿದ್ರು. ಎಲ್ಲಾ ಬಾಗಿಲೂ ತೆರೆದವು. ಎಲ್ಲರಿಗೂ ಅವನ ಮುಖ ಗೊತ್ತು, ಎಲ್ಲರೂ ವಿಡಿಯೋ ನೋಡಿದವರೇ. ಗೋಡೆಗೆ ಅಂಟಿ ದಾರಿ ಬಿಟ್ರು. ಅವನ ಉಸಿರಿನ ಸದ್ದು ಮಾತ್ರ ಕೇಳಿಸ್ತಿತ್ತು. ಕಾಲರ್ ಒದ್ದೆ ಆಯ್ತು. ಬೆವರು ಕಣ್ಣಿಗೆ ಇಳಿದ್ರೂ ಒರೆಸೋಕೆ ಕೈ ಇರಲಿಲ್ಲ.

"ರಾಜಿ ಅಂತ ಹೇಳ್ತೀರಲ್ಲಮ್ಮಾ?" ಅಂದ ಮೊದಲನೇ ತಿರುವಿನಲ್ಲಿ.

ಅಕ್ಕ ಅವನ ಕಿವಿ ಹತ್ರ ಬಾಯಿ ತಂದ್ಲು. ಆದ್ರೂ ಎಲ್ಲರಿಗೂ ಕೇಳಿಸ್ತು.

"ರಾಜಿ ಗೀಜಿ ಏನಿಲ್ಲ. ನಿನ್ನ ಭಾಮೈದ ಓಡಿಸಿದ್ದು ಹೇಳ್ತೀನಿ. ನೀನು ಜಾಕೆಟ್ ಬಿಚ್ಚಿಸಿದ್ದು ಹೇಳ್ತೀನಿ. ನೀರು ಕೇಳಿದ್ರೆ ಕೊಡಲಿಲ್ಲ, ಅದನ್ನೂ ಹೇಳ್ತೀನಿ."

ಅವನು ನಿಂತುಬಿಟ್ಟ. ಮೇಲೆ ನೋಡಿದ್ರೆ ಜನ, ಕೆಳಗೆ ನೋಡಿದ್ರೆ ಜನ, ಎಲ್ಲರ ಕೈಯಲ್ಲೂ ಫೋನು. ಬೀಳಿಸೋ ಹಾಗಿಲ್ಲ, ಬಿಡೋ ಹಾಗಿಲ್ಲ.

"ಸ್ವಲ್ಪ ಇಳಿಸ್ತೀನಿ ತಾಯೀ," ಅಂದ. "ಒಂದು ನಿಮಿಷ. ಉಸಿರು ಸಿಗ್ತಿಲ್ಲ."

"ಹೊತ್ತದ್ದನ್ನ ಅರ್ಧ ದಾರೀಲಿ ಇಳಿಸಿದ್ರೆ ಅವತ್ತಿನ ಕೂಲಿ ಇಲ್ಲ," ಅಂದ್ಲು ಅಕ್ಕ. "ನೀನೇ ಮಾಡಿದ ಕಾನೂನು. ನಡಿ."